ಯಾರು ಯಾರಿಗೆ ಹೇಳುವುದು

ನಾನು ಕಳಮಶ್ಶೇರಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಮೇಲಿನ ಮನೆಯಲ್ಲಿ ಕಾಸರಗೋಡಿನ ಅಕ್ಕ ಒಬ್ಬರಿದ್ದರು. ಅವರ ಕಪಾಟಿನಲ್ಲಿ ಹಳೆಯ ನೀತಿಗ್ರಂಥಗಳ ಪಕ್ಕದಲ್ಲೇ ವ್ಯಕ್ತಿತ್ವ ವಿಕಸನದ ಹೊಸ ಪುಸ್ತಕಗಳು ನಿಂತಿರುತ್ತಿದ್ದವು. ಯಾರು ಕೇಳಿದರೂ ಪುಸ್ತಕವನ್ನು ಮನೆಗೆ ಒಯ್ಯಲು ಕೊಡುತ್ತಿರಲಿಲ್ಲ. ಅವರ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದಬೇಕಿತ್ತು.

"ಈ ಹೊಸಬರಿಗೆಲ್ಲ ಇವರೇ ಅಜ್ಜಂದಿರು," ಎಂದು ಹಳೆಯ ಪುಸ್ತಕಗಳ ಬೆನ್ನು ಸವರುತ್ತಿದ್ದರು. "ಬೇಗ ಏಳು, ಸಿಟ್ಟು ಬಿಡು, ಒಳ್ಳೆಯವರ ಜೊತೆ ಇರು. ಬುದ್ಧಿಮಾತೆಲ್ಲ ಹಳತೇ. ಆದ್ರೆ ಆಗ ಗುರು ಶಿಷ್ಯನಿಗೆ ಹೇಳ್ತಿದ್ದ, ಮಂತ್ರಿ ರಾಜನಿಗೆ ಹೇಳ್ತಿದ್ದ. ಈ ಹೊಸದರಲ್ಲಿ ಯಾರು ಯಾರಿಗೆ ಹೇಳುದು ಮಾರಾಯ್ತಿ?"

ಯಾವ ಹೊಸ ಪುಸ್ತಕ ತೆರೆದರೂ ಅದೇ ಪ್ರಶ್ನೆ.

ನನ್ನ ಪ್ರಬಂಧದ ಅಧ್ಯಾಯವನ್ನು ಗೈಡ್ ಮತ್ತೊಮ್ಮೆ ತಿರಸ್ಕರಿಸಿದ ಸಂಜೆ, ಸಂಶೋಧನೆಯನ್ನೇ ಬಿಡುವ ಮನಸ್ಸು ಮಾಡಿ ಅವರಲ್ಲಿಗೆ ಹೋದೆ. ಸೋಲನ್ನು ಎದುರಿಸುವ ಬಗೆಗಿನ ಪುಸ್ತಕವೊಂದನ್ನು ತೆಗೆದು ಓದತೊಡಗಿದೆ. ಅಕ್ಕ ತೆಂಗಿನಕಾಯಿ ತುರಿಯುತ್ತಿದ್ದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಓದು ನಿಂತು ನನ್ನ ಅಧ್ಯಾಯದ ಕಥೆ ಶುರುವಾಯಿತು. ಅವರು ತುರಿಯುವುದನ್ನು ನಿಲ್ಲಿಸಿದರು. ಅವರಿಗೆ ಅರ್ಥವಾಗುವಂತೆ ಬಿಡಿಸಿ ಹೇಳುತ್ತ ಹೋದಂತೆ, ನನ್ನ ವಾದ ಎಲ್ಲಿ ದಾರಿ ತಪ್ಪಿದೆಯೆಂದು ನನಗೇ ಕಾಣಿಸಿತು.

"ಈಗ ಸರಿಯಾಯ್ತು," ಎಂದರು ಅಕ್ಕ. "ನೀನು ಹೇಳಿದ್ದಿ, ನಾನು ಕೇಳಿದ್ದೇನೆ. ಬೇಕಾದ್ರೆ ಪುಸ್ತಕ ಮನೆಗೆ ತಕೊಂಡು ಹೋಗು."

ನಾನು ಅದನ್ನು ಅಜ್ಜಂದಿರ ಪಕ್ಕದಲ್ಲೇ ಇಟ್ಟು, ಅಧ್ಯಾಯ ಬರೆಯಲು ಕೆಳಗಿಳಿದೆ.