ಕೊಲೆ ಎಲ್ಲಾದರೂ ಮಾಡಿ, ದವಾಖಾನೆ ಬಿಡಿ

ಬೆಳಗಿನ ಐದೂವರೆ. ಗಡಿಯಾಚೆ, ಮಹಾರಾಷ್ಟ್ರದ ಮಿರಜದ ದವಾಖಾನೆ ಬೀದಿಯಲ್ಲಿ ಒಂದು ಝೆರಾಕ್ಸ್ ಅಂಗಡಿಯ ಷಟರ್ ಮಾತ್ರ ಅರ್ಧ ಎದ್ದಿದೆ. ಒಳಗೆ ಕಂಪ್ಯೂಟರಿನ ಮುಂದೆ ಕುಳಿತ ಅಲಕಾ ಉಪಾಧ್ಯೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾರೆ.

"ನೋಡ್ರಿ ಇಲ್ಲೆ. ಗುರಲಿಂಗ ಮಿರಜದಾಗ ರೈಲ್ ಹತ್ಯಾನ. ಬುತ್ತಿ ಬಿಚ್ಚಿ ಉಂಡಾನ. ಒಂದ್ ನಿದ್ದಿ ತಗದಾನ. ಎದ್ದು ನೋಡಿದ್ರ ಸಾಂಗಲಿ ಬಂದೈತಿ. ಹತ್ತ್ ಕಿಲೋಮೀಟರ್ ರೀ! ಇದನ್ನ ಬರದವ್ರು ಯಾವ ರೈಲಿನ್ಯಾಗ ಹ್ವಾಗಿದ್ರೋ ಏನೋ!"

ಈ ಗುರಲಿಂಗ ಪತ್ತೇದಾರಿ ಕಾದಂಬರಿಗಳ ನಾಯಕ, ರೈಲ್ವೆಯ ನಿವೃತ್ತ ಟಿ.ಸಿ. ಕಳ್ಳನಿಗೂ ಸಾಹುಕಾರನಿಗೂ ಅವನದು ಒಂದೇ ಪ್ರಶ್ನೆ: "ಎಲ್ಲಿ ಹತ್ತಿದ್ರಿ?" ಸುಳ್ಳು ಹೇಳುವವನು ಅಲ್ಲೇ ತಡವರಿಸುತ್ತಾನೆ. ಮಿರಜದ ಹತ್ತಿರದ ಹಳ್ಳಿ ಆರಗದ ಕನ್ನಡ ಶಾಲೆಯ ಭೂಪಾಲ ಮಾಸ್ತರರು ಅವನನ್ನು ಹುಟ್ಟಿಸಿ ನಲವತ್ತೊಂದು ಪುಸ್ತಕ ಬರೆದರು. ನಾಲ್ಕು ವರ್ಷದ ಹಿಂದೆ ಮಾಸ್ತರರು ತೀರಿಕೊಂಡರು. ಓದುಗರು ಗುರಲಿಂಗನನ್ನು ಬಿಡಲಿಲ್ಲ, ಪ್ರಕಾಶಕರೂ ಬಿಡಲಿಲ್ಲ. ಮೂವರು ಹೊಸ ಲೇಖಕರನ್ನು ಹಿಡಿದು ಸರಣಿ ಮುಂದುವರಿಸಿದ್ದಾರೆ.

ಆ ಮೂವರ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಮೊದಲ ಪುಸ್ತಕದಿಂದ ಇವತ್ತಿನವರೆಗೆ, ಇಪ್ಪತ್ತಾರು ವರ್ಷ, ಅಷ್ಟೂ ಪುಸ್ತಕಗಳನ್ನು ಟೈಪ್ ಮಾಡಿ, ತಿದ್ದಿ, ಪುಟ ಕಟ್ಟಿ ಕಳಿಸುತ್ತಿರುವ ಅಲಕಾ ಅವರ ಹೆಸರು ಒಳಗಿನ ಸಣ್ಣಕ್ಷರದಲ್ಲೂ ಇಲ್ಲ. ಪ್ರಕಾಶಕರಿಗೆ ಫೋನ್ ಮಾಡಿ ಕೇಳಿದೆ. "ಅಲಕಾ? ಯಾವ ಅಲಕಾ? ಓ, ಟೈಪಿಂಗ್‌ನವರಾ!" ಎಂದರು. ನನಗೂ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಅಲಕಾ ಅವರಿಗೀಗ ಐವತ್ತನಾಲ್ಕು. ತವರು ಆರಗ, ಕನ್ನಡ ಕಲಿತದ್ದು ಮಾಸ್ತರರ ಕೈಯಲ್ಲೇ. ಮದುವೆಯಾಗಿ ಮಿರಜಕ್ಕೆ ಬಂದರು. ಗಂಡ ಶ್ರೀಪಾಲ ಅವರ ಈ ಅಂಗಡಿ ಎಂಟು ಗಂಟೆಯ ಮೇಲೆ ಪೂರ್ತಿ ರೋಗಿಗಳ ಕಡೆಯವರದ್ದು. ಆಧಾರ್, ರೇಷನ್ ಕಾರ್ಡು, ರಿಪೋರ್ಟುಗಳೆಂದು ದಿನಕ್ಕೆ ನಾನೂರು ಪ್ರತಿ ತೆಗೆಯಬೇಕು. ಹಾಗಾಗಿ ಕಾದಂಬರಿಗೆ ಸಿಗುವುದು ಐದರಿಂದ ಎಂಟು, ಅಷ್ಟರಲ್ಲಿ ಹನ್ನೆರಡು ಪುಟ. ಕುತ್ತಿಗೆ ನೋವಿಗೆ ಪಟ್ಟಿ ಕಟ್ಟಿಕೊಂಡೇ ಕೂರುತ್ತಾರೆ. ಮಗಳು ಋತುಜಾಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. "ಅವರ ತಪ್ಪಿಗೆ ನೀನು ಯಾಕೆ ತಲೆ ಕೆಡಿಸಿಕೊಳ್ಳುತ್ತಿ ಆಯಿ?" ಎಂದು ಮರಾಠಿಯಲ್ಲಿ ಬೈಯುತ್ತಾಳೆ.

ತಲೆ ಕೆಡದೆ ಇನ್ನೇನಾದೀತು? ಗುರಲಿಂಗ ಮೂರನೇ ಪುಸ್ತಕದಲ್ಲೇ ತಂಬಾಕು ಬಿಟ್ಟಿದ್ದಾನೆ, ನಲವತ್ತೆರಡರಲ್ಲಿ ಹೊಸಬರು ಮತ್ತೆ ತಿನ್ನಿಸಿದರು. ಹತ್ತೊಂಬತ್ತನೆಯದರಲ್ಲಿ ತೀರಿಕೊಂಡ ಅವನ ತಂಗಿ ನಲವತ್ಮೂರರಲ್ಲಿ ಬಂದು ಚಹಾ ಸೋಸಿದಳು. ಇಂಥವನ್ನೆಲ್ಲ ಅಲಕಾ ತಮ್ಮ ಹಳೇ ನೋಟುಬುಕ್ಕು ನೋಡಿ ಸದ್ದಿಲ್ಲದೆ ತಿದ್ದುತ್ತಾರೆ. ತಿದ್ದಿದ್ದು ಲೇಖಕರಿಗೆ ಗೊತ್ತಾಗುವುದೂ ಇಲ್ಲ. ಬರೆದ ಮೇಲೆ ಅವರು ಓದಿದರೆ ತಾನೆ!

ಆದರೆ ಈ ಸಲದ್ದು ಸದ್ದಿಲ್ಲದೆ ತಿದ್ದುವಂಥದ್ದಲ್ಲ.

ಅಂಗಡಿಯ ಮುಂದೆ ಒಂದು ಮರದ ಬೆಂಚಿದೆ. ವಾರ್ಡಿನ ಹೊರಗೆ ರಾತ್ರಿ ಕಳೆದ ಅಥಣಿ, ರಾಯಬಾಗ, ಜಮಖಂಡಿಯ ಮಂದಿ ಬೆಳಿಗ್ಗೆ ಚಹಾ ಹಿಡಿದು ಅಲ್ಲಿ ಬಂದು ಕೂರುತ್ತಾರೆ. ಮಾಸ್ತರರ ಪದ್ಧತಿ ಏನೆಂದರೆ, ಪ್ರತಿ ಅಧ್ಯಾಯದ ಮೊದಲ ಪ್ರಿಂಟು ಈ ಬೆಂಚಿಗೆ ಹೋಗಬೇಕು. ಓದು ಬಂದವರು ಓದುತ್ತಾರೆ, ಉಳಿದವರು ಕೇಳುತ್ತಾರೆ. "ಮುಂದಿಂದು ಎಲ್ರಿ?" ಎಂದು ಯಾರಾದರೂ ಕೇಳಿದರೆ ಅಧ್ಯಾಯ ಪಾಸು.

ಆರನೇ ಪುಸ್ತಕದಲ್ಲಿ ಮಾಸ್ತರರು ಒಬ್ಬ ಮುದುಕಿಯನ್ನು ದವಾಖಾನೆಯ ಮಂಚದ ಮೇಲೆ ಸಾಯಿಸಿದ್ದರು. ಬೆಂಚಿನ ಮೇಲೆ ಓದುತ್ತಿದ್ದ ಯಜಮಾನರು ಅಲ್ಲಿಗೇ ನಿಲ್ಲಿಸಿ, ಹಾಳೆ ಮಡಚಿ ವಾಪಸು ಕೊಟ್ಟರು. ಅವರ ತಾಯಿ ಒಳಗೆ ವಾರ್ಡಿನಲ್ಲಿದ್ದರು. ಮುಂದಿನದನ್ನು ಯಾರೂ ಕೇಳಲಿಲ್ಲ.

"ಮಾಸ್ತರು ಅವತ್ತ ಇಲ್ಲೇ ಇದ್ರು. ಮಾರಿ ಇಷ್ಟ ಸಣ್ಣ ಮಾಡ್ಕೊಂಡ್ರು. ನಿಂತ ನಿಲವಿನ್ಯಾಗ ಪೆನ್ ತಗೊಂಡು ಆ ಮುದಿಕಿನ್ನ ಎಬ್ಬಿಸಿ ಕುಂದ್ರಿಸಿ ಗಂಜಿ ಕುಡಿಸಿದ್ರು. 'ಅಲಕಾ, ಕೊಲಿ ಎಲ್ಲೆ ಬೇಕಾದ್ರೂ ಮಾಡೂಣು. ದವಾಖಾನಿಗೆ ಹ್ವಾದವ್ರು ಮಾತ್ರ ತಿರಗಿ ಮನಿಗೆ ಬರಬೇಕು' ಅಂದ್ರು."

ಆಮೇಲಿನ ಮೂವತ್ತೈದು ಪುಸ್ತಕಗಳಲ್ಲಿ ವಿಷ ಕುಡಿದವರಿದ್ದಾರೆ, ಗುಂಡು ತಿಂದವರಿದ್ದಾರೆ. ಹಾದಿಯಲ್ಲಿ ಸತ್ತವರೂ ಇದ್ದಾರೆ. ದವಾಖಾನೆ ಮುಟ್ಟಿದವರು ಒಬ್ಬರೂ ಸತ್ತಿಲ್ಲ. ಇಷ್ಟೂ ಪುಸ್ತಕ ಓದಿ, ವಿಮರ್ಶೆಯನ್ನೂ ಬರೆದ ನನಗೆ ಇದು ಕಣ್ಣಿಗೆ ಬಿದ್ದಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈಗ ನಲವತ್ತೈದನೆಯದು ನಡೆದಿದೆ. ಲೇಖಕ ಆ ಮೂವರಲ್ಲಿ ಒಬ್ಬರಾದ ವೃಷಭ, ಬೆಳಗಾವಿಯ ಕಾಲೇಜಿನಲ್ಲಿ ಮೇಷ್ಟ್ರು, ಇಪ್ಪತ್ತೊಂಬತ್ತರ ಹುರುಪು. ಅವರ ಏಳನೇ ಅಧ್ಯಾಯದಲ್ಲಿ ಹೌಸಾಬಾಯಿ ಎಂಬ ಮುದುಕಿ ಮಿರಜದ ವಾರ್ಡಿನಲ್ಲಿ ಮಲಗಿದ್ದಾಳೆ, ಯಾರೋ ಸಲೈನಿಗೆ ವಿಷ ಬೆರೆಸುತ್ತಾರೆ, ಅವಳು ಸಾಯುತ್ತಾಳೆ. ಸೋಮವಾರ ಆ ಹಾಳೆಗಳು ಬೆಂಚಿನಿಂದ ಅರ್ಧಕ್ಕೇ ಮಡಚಿಕೊಂಡು ವಾಪಸು ಬಂದವು. ಅಲಕಾ ನನ್ನೆದುರಿಗೇ ಸ್ಪೀಕರ್ ಹಾಕಿ ವೃಷಭರಿಗೆ ಫೋನ್ ಹಚ್ಚಿದರು. ಅವರಿಗೆ ಅಲಕಾ 'ಮಾವಶಿ', ಎಂದರೆ ಚಿಕ್ಕಮ್ಮ.

"ಮಾವಶಿ, ಕೊಲಿನ ಇಲ್ಲಂದ್ರ ಪತ್ತೇದಾರಿ ಹ್ಯಾಂಗ ಆಗ್ತದ್ರಿ?"

"ಕೊಲಿ ಮಾಡೋ ಮಾರಾಯಾ, ಬ್ಯಾಡ ಅಂದವ್ರ್ಯಾರು? ಕೃಷ್ಣಾ ಹೊಳಿ ಐತಿ, ರೈಲ್ವೆ ಯಾರ್ಡ್ ಐತಿ, ಕವಲಾಪುರದ ಹಾದಿಗೆ ಬೇಕಾದಷ್ಟ ಹೊಲ ಅದಾವ. ಇಷ್ಟ್ ಜಾಗಾ ಬಿಟ್ಟು ನಿನಗ ದವಾಖಾನಿನ ಬೇಕಾತೇನು?"

"ಅದ ಅಲ್ಲೇನ್ರಿ ಹೊಸಾದು, ಮಾವಶಿ!"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ. ಪ್ರಕಾಶಕರದ್ದು ಇನ್ನೊಂದು ಕಥೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ತಲೆಬುರುಡೆ ಇರುವ ಸಲೈನ್ ಬಾಟಲಿಯ ಮುಖಪುಟ ಆಗಲೇ ಅಚ್ಚಾಗಿಬಿಟ್ಟಿದೆ. ಶುಕ್ರವಾರ ಪುಟಗಳು ಕೈಸೇರಬೇಕು, ಇಲ್ಲವಾದರೆ ಇನ್ನು ಮುಂದೆ ಗುರಲಿಂಗನ ಟೈಪಿಂಗು ಬೆಳಗಾವಿಯಲ್ಲೇ ಎಂದು ಅವರು ಹೇಳಿ ಆಗಿದೆ. ಅಲಕಾ ಏಳನೇ ಅಧ್ಯಾಯ ಬಿಟ್ಟು ಉಳಿದದ್ದೆಲ್ಲ ಮುಗಿಸಿ ಕೈಕಟ್ಟಿ ಕೂತಿದ್ದಾರೆ. ನನಗೆ ಆತಂಕ, ಅವರಿಗಿಲ್ಲ.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ? ವೃಷಭ ಬರ್ತಾನ ಬಿಡ್ರಿ."

ಗುರುವಾರ ಬೆಳಿಗ್ಗೆ ಆರಕ್ಕೆ ವೃಷಭ ಬ್ಯಾಗು ಏರಿಸಿಕೊಂಡು ಬಂದೇಬಿಟ್ಟರು, ಜಗಳಕ್ಕೆ ತಯಾರಾಗಿ. ಅಲಕಾ ಜಗಳವಾಡಲಿಲ್ಲ. ಅವರದೇ ಹಾಳೆಗಳನ್ನು ಅವರ ಕೈಗಿಟ್ಟು, "ಅಲ್ಲೆ ಕುಂತು ಒಮ್ಮಿ ಓದ್ಕೊ. ಚಾ ತರ್ತೇನಿ" ಎಂದರು.

ಬೆಂಚಿನ ಇನ್ನೊಂದು ತುದಿಯಲ್ಲಿ ಕಾಡವ್ವ ಕೂತಿದ್ದಾರೆ. ಜಮಖಂಡಿ ಕಡೆಯ ಕೂಲಿ ಹೆಣ್ಣುಮಗಳು. ಗಂಡ ಮೂರು ದಿನದಿಂದ ಐಸಿಯುನಲ್ಲಿ. ಈ ಪುಸ್ತಕದ ಮೊದಲ ಆರು ಅಧ್ಯಾಯದ ಹಳೇ ಪ್ರಿಂಟುಗಳನ್ನು ಯಾರೋ ಓದಿದ್ದು, ಈ ಮೂರು ದಿನದಲ್ಲಿ ಇದೇ ಬೆಂಚಿನ ಮೇಲೆ ಕೇಳಿದ್ದಾರೆ.

"ಗುರಲಿಂಗಂದೇನೋ ತಮ್ಮಾ? ಜೋರಾಗಿ ಓದು, ನನಗ ಓದಾಕ ಬರಂಗಿಲ್ಲ."

ಚಹಾ ಹಿಡಿದು ಬರುತ್ತಿದ್ದ ಅಲಕಾ ಬಾಗಿಲಲ್ಲೇ ನಿಂತರು. ಕಾಡವ್ವನ ಕಿವಿಗೆ ಆ ಸಾವು ಬೀಳಲೆಂದು ಅವರು ಬಯಸಿರಲಿಲ್ಲ. ವೃಷಭ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ವಾರ್ಡು ಬಂತು, ಮಂಚ ಬಂತು, ಸಲೈನ್ ಬಾಟಲಿ ಬಂತು. ಕಾಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವರ ಬಾಯಿಯನ್ನೇ ನೋಡುತ್ತಿದ್ದಾರೆ. ವೃಷಭ ಒಮ್ಮೆ ಹಾಳೆ ನೋಡಿದರು, ಒಮ್ಮೆ ಕಾಡವ್ವನ ಬೆರಳು ನೋಡಿದರು. ಹಾಳೆಯನ್ನು ಮಡಿಲ ಮೇಲೆ ಮಗುಚಿದರು.

"ಮುಂದ?" ಎಂದರು ಕಾಡವ್ವ.

"ಮುಂದ... ಮುಂದ, ನರ್ಸ್ ಓಡಿ ಬಂದು ಸೂಜಿ ಕಿತ್ತು ಒಗದ್ಲು. ಹೌಸಾಬಾಯಿ... ಕಣ್ಣು ಬಿಟ್ಲು."

ಇದು ಹಾಳೆಯಲ್ಲಿ ಇರಲಿಲ್ಲ. ಅಲಕಾ ಚಹಾ ಬೆಂಚಿನ ಮೇಲಿಟ್ಟು ಒಳಗೆ ಹೋಗಿ ಕೀಬೋರ್ಡು ಎಳೆದುಕೊಂಡರು. ಅವರ ಬೆನ್ನಿಗೇ ವೃಷಭ ಬಂದರು.

"ಹಂಗಾರ ಯಾರನ್ನ ಸಾಯಿಸ್ಲಿ ಮಾವಶಿ?"

"ಮೊದಲ ಹೇಳು, ಮಿರಜದಿಂದ ಸಾಂಗಲಿಗೆ ಎಷ್ಟೊತ್ತು?" ಎಂದು ಅಲಕಾ ರೇಗಿದರು.

ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸಲು ಕೇಳಬಾರದೇ ಎಂದೆ. "ಹೆಸರು ತಗೊಂಡು ಏನ್ ಮಾಡ್ಲಿರಿ? ಬರಿಯೂಕಿಂತ ಮೊದಲ ಮೂರೂ ಮಂದಿ ಈ ಬೆಂಚಿನ ಮ್ಯಾಲ ಒಂದ್ ತಾಸು ಕುಂದ್ರಲಿ. ಅಷ್ಟಾದ್ರ ನನ್ನ ಕುತಿಗಿ ನೋವು ಅರ್ಧಾ ಕಡಿಮಿ ಆಗ್ತೈತಿ."

ಇಬ್ಬರೂ ರಾತ್ರಿಯಿಡೀ ಕೂತು ತಿದ್ದಿದ ಪುಟಗಳು ಶುಕ್ರವಾರ ಬೆಳಿಗ್ಗೆ ಹೋಗುವ ಹೊತ್ತಿಗೆ ಕಾಡವ್ವ ಬಂದು ಷಟರಿನ ಕೆಳಗೆ ಬಗ್ಗಿ ನೋಡುತ್ತಾರೆ. ಗಂಡ ಇನ್ನೂ ಐಸಿಯುನಲ್ಲೇ ಇದ್ದಾರೆ. ಹೇಗಿದ್ದಾರೆಂದು ಕೇಳಲು ನನಗೆ ಧೈರ್ಯ ಸಾಲುವುದಿಲ್ಲ. ಅವರೇ ಮೊದಲು ಕೇಳುತ್ತಾರೆ.

"ಅಕ್ಕಾರ, ಹೌಸಾಬಾಯಿ ಹ್ಯಾಂಗ ಅದಾಳ್ರಿ?"

ಅಲಕಾ ತೆರೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ.

"ಗಂಜಿ ಕುಡದಾಳ. ಬರ್ರಿ, ಕುಂದ್ರಿ."