ಹತ್ತು ಸಾವಿರ ಅಡಿಯ ಬಾಯಿಪಾಠ

ಅಮ್ಮಾನ್ ನಗರದ ಒಂದು ವಿಮಾನ ಕಂಪನಿಯಲ್ಲಿ ರುದೈನಾ ಮದಾನಾತ್ ಹೆಸರು ಕೇಳಿದರೆ ಪೈಲಟ್‌ಗಳ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಇಪ್ಪತ್ತು ವರ್ಷ ವಿಮಾನ ಹಾರಿಸಿದವಳು, ಒಂದು ಕಿವಿ ಮಂದವಾದ ಮೇಲೆ ಸಿಮ್ಯುಲೇಟರ್‌ನಲ್ಲಿ ಕಲಿಸಲು, ಪರೀಕ್ಷಿಸಲು ಕೂತಳು. ನೆಲ ಬಿಡದೆ ಹಾರುವ ಆ ಯಂತ್ರದಲ್ಲಿ ಯಾವ ಕೇಡನ್ನಾದರೂ ಗುಂಡಿ ಒತ್ತಿ ಬರಿಸಬಹುದು, ಯಾರೂ ಸಾಯುವುದಿಲ್ಲ.

ಆದರೆ ಅಲ್ಲಿನ ಪರೀಕ್ಷಕರಲ್ಲೊಂದು ರೂಢಿ ಬೆಳೆದಿತ್ತು. ಪ್ರತಿ ಪರೀಕ್ಷೆಯಲ್ಲೂ ವೇಗಮಾಪಕ ಕೆಡುತ್ತಿದ್ದುದು ಹತ್ತು ಸಾವಿರ ಅಡಿ ದಾಟಿದ ಕೂಡಲೇ. ಹಿರಿಯರು ಕಾಫಿ ಕುಡಿಯುತ್ತ ಕಿರಿಯರಿಗೆ ಹೇಳಿಬಿಡುತ್ತಿದ್ದರು. ಎಲ್ಲರೂ ಕೈ ಸಿದ್ಧವಿಟ್ಟುಕೊಂಡು ಕಾಯುತ್ತಿದ್ದರು, ಎಲ್ಲರೂ ಪಾಸಾಗುತ್ತಿದ್ದರು. ಕೇಡು ಹೇಳಿ ಕಳಿಸಿ ಬರುತ್ತದೆಯೇ? ರುದೈನಾಳಿಗೆ ಮೈ ಉರಿಯುತ್ತಿತ್ತು.

ಸಹಪೈಲಟ್ ಮುಹನ್ನದ್‌ನ ಸರದಿ ಬಂತು. ಪಾಸಾದರೆ ಅವನು ಕ್ಯಾಪ್ಟನ್. ಶುಕ್ರವಾರವೇ ಉಮ್ರಾ ಯಾತ್ರಿಕರನ್ನು ಜೆದ್ದಾಕ್ಕೆ ಒಯ್ಯಬೇಕು. ರುದೈನಾ ಮಾಪಕವನ್ನು ಎರಡು ಸಾವಿರ ಅಡಿಯಲ್ಲೇ ಕೆಡಿಸಿದಳು.

ಆಟೋಪೈಲಟ್ ಕೈಬಿಟ್ಟಿತು. ಮುಹನ್ನದ್ ಅದರ ಗುಂಡಿಯನ್ನೇ ಮತ್ತೆ ಮತ್ತೆ ಒತ್ತಿದ. ವೇಗ ಮಿತಿಮೀರಿದೆ ಎಂದು ಮಾಪಕ ಸುಳ್ಳು ಹೇಳಿತು; ಅದನ್ನು ನಂಬಿ ವಿಮಾನದ ಮೂಗು ಎತ್ತಿದ. ರೆಕ್ಕೆಗಳಿಗೆ ಗಾಳಿಯ ಆಸರೆ ತಪ್ಪಿತು. ವಿಮಾನ ಕುಸಿದು ಪರದೆ ಕೆಂಪಾಯಿತು.

“ಇದು ಇಲ್ಲಿ ಬರಬಾರ್ದಿತ್ತು ಕ್ಯಾಪ್ಟನ್! ಹತ್ತು ಸಾವಿರಕ್ಕೆ ಬರ್ಬೇಕಿತ್ತು!” ಮುಹನ್ನದ್ ರುದೈನಾಳತ್ತ ತಿರುಗಿ ಕೂಗಿದ.

“ಹೌದಪ್ಪಾ, ನಿನ್ನ ಅನುಕೂಲ ಕೇಳ್ಕೊಂಡು ಬರುತ್ತೆ! ಮಾಪಕ ಬಿಟ್ಟು, ಮೂಗು ಇಷ್ಟು ಎತ್ತರ, ಎಂಜಿನ್ ಇಷ್ಟು ಜೋರು ಅಂತ ಗಟ್ಟಿಯಾಗಿ ಹಿಡಿದಿದ್ರೆ ಸಾಕಿತ್ತಲ್ಲೋ.”

ತರಬೇತಿಯ ಮುಖ್ಯಸ್ಥ ಅಬು ರಕಾನ್ ಓಡಿಬಂದ. ರುದೈನಾಳನ್ನು ಅವನು ಕರೆಯುತ್ತಿದ್ದುದು ಅವಳ ಮಗನ ಹೆಸರು ಹಿಡಿದು, ಲೈಥ್‌ನ ತಾಯಿ ಎಂದೇ. “ಉಮ್ ಲೈಥ್, ಯಾಕಮ್ಮಾ ಹುಡುಗನ ಹೊಟ್ಟೆ ಮೇಲೆ ಹೊಡೀತೀರ? ಮಾಮೂಲಿನ ಹಾಗೆ ಇನ್ನೊಂದ್ಸಲ ನಡೆಸಿ, ಪಾಸ್ ಅಂದ್ಬಿಡಿ. ನೀವು ಅನ್ನದಿದ್ರೆ ನಾಳೆ ಬೇರೆಯವರು ಅಂತಾರೆ.”

“ಹಾಗಾದ್ರೆ ಆ ವಿಮಾನದಲ್ಲಿ ನಿಮ್ಮ ತಾಯೀನೂ ಕೂರಿಸಿ. ಅವರದ್ದೂ ಒಂದು ಉಮ್ರಾ ಆಗ್ಲಿ.”

“ನಾಲಿಗೆ ಬಿಗಿ ಹಿಡೀರಿ! ನೀವಿಲ್ಲಿ ಇರೋದೇ ಕಂಪನಿ ದಯೆಯಿಂದ.” ಅಬು ರಕಾನ್ ಮುಹನ್ನದ್‌ನತ್ತ ತಿರುಗಿದ. “ನಾಳೆ ಬಾ. ಹತ್ತು ಸಾವಿರಕ್ಕೇ ಬರೋ ಹಾಗೆ ನೋಡ್ಕೋತೀನಿ.”

ಮುಹನ್ನದ್ ಸೀಟಿನ ಬೆಲ್ಟ್ ಬಿಚ್ಚಿ ಎದ್ದ. “ಬೇಡ ಸರ್. ಕಲ್ತಿದ್ದೀನಿ ಅಂದ್ಕೊಂಡಿದ್ದೆ. ನಂಗೆ ಇದು ಬರಲ್ಲ.”

“ತಲೆ ಕೆಟ್ಟಿದೆ ನಿಂಗೆ!” ಎಂದು ಅಬು ರಕಾನ್ ಶುಕ್ರವಾರಕ್ಕೆ ಬೇರೆ ಕ್ಯಾಪ್ಟನ್‌ನನ್ನು ಹುಡುಕಲು ಹೋದ.

ರುದೈನಾ ಯಂತ್ರವನ್ನು ಮತ್ತೆ ರನ್‌ವೇಯ ತುದಿಗೆ ತಂದಳು. “ಕೂತ್ಕೋ ಮಗಾ. ಕಲಿಯೋಣ.”

ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಶುಕ್ರವಾರ ಹಾರಿಸಲು ಬರುವ ಇನ್ನೊಬ್ಬನೂ ಹತ್ತು ಸಾವಿರ ಅಡಿಯಲ್ಲಿ ಪಾಸಾದವನೇ.