ಒಂಬತ್ತು ಜನರನ್ನು ಇಳಿಸಿದ ಬೆಳಗು

ಔರಾದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗುವ ಮೊದಲು ಆಮ್ರಪಾಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದರು. ಟಿಕೆಟ್ ಹರಿಯುವುದರಲ್ಲಿ ಅವರಷ್ಟು ಚುರುಕಾದವರಿಲ್ಲ. ಆದರೆ ಇದೋ ಅದೋ ಎಂದು ಆರಿಸುವ ಮಾತು ಬಂದರೆ ಕೈಕಾಲು ಆಡುತ್ತಿರಲಿಲ್ಲ. ಬೀದರಿನ ಮೈಲೂರಿನಲ್ಲಿ ಅವರ ಮನೆ. ಬೆಳಿಗ್ಗೆ ಡಬ್ಬಿಗೆ ಬದನೆಕಾಯಿಯೋ ಮೆಂತ್ಯವೋ ಎಂದು ಗಂಡ ನಾಗಸೇನರನ್ನು ಕೇಳುವರು. ಅವರು ಬದನೆಕಾಯಿ ಎಂದರೆ, "ಯಾಕ, ಮೆಂತ್ಯ ಬ್ಯಾಡೇನ್ರಿ?" ಎಂದು ಮತ್ತೆ ಶುರು. ಮಗಳಿಗೆ ಶಾಲೆಯ ಚೀಲ ತರಲು ಹೋಗಿ, ಮೂರು ಅಂಗಡಿ ಸುತ್ತಿ, ಬರಿಗೈಯಲ್ಲಿ ಬಂದದ್ದೂ ಉಂಟು.

ಕಂಟ್ರೋಲರ್ ಕುರ್ಚಿಯಲ್ಲಿ ಇದು ದೊಡ್ಡ ತೊಂದರೆಯಾಯಿತು. ಯಾವ ಬಸ್ಸನ್ನು ಎಲ್ಲಿ ನಿಲ್ಲಿಸಬೇಕು, ಯಾವುದನ್ನು ಐದು ನಿಮಿಷ ತಡೆಯಬೇಕು ಎಂದು ದಿನವೂ ನಲವತ್ತು ಸಣ್ಣ ಮಾತುಗಳು. ಪ್ರತಿಯೊಂದಕ್ಕೂ ಅವರು ಬೀದರಿನ ಸಾಹೇಬರಿಗೆ ಫೋನ್ ಹಚ್ಚುತ್ತಿದ್ದರು.

ಇದನ್ನು ನೋಡುತ್ತಿದ್ದವರು ಬೀದರ ಬಸ್ಸಿನ ಚಾಲಕ ಮಹಮ್ಮದ ಇಸ್ಮಾಯಿಲ. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಹೇಳಿದರು:

"ಬೇಟಿ, ಬಸ್ ಈ ಕಡಿ ನಿಲ್ಸೋದು, ಆ ಕಡಿ ನಿಲ್ಸೋದು, ತಪ್ಪಾದ್ರ ಏನಾಗ್ತದ? ಮತ್ತ ತಿರುಗಿಸಿ ನಿಲ್ಸ್ತೀವಿ. ಅಂಥಾದ್ದು ಜಲ್ದಿ ಹೇಳಿಬಿಡು. ತಿರುಗಿಸಲಿಕ್ಕ ಬರಲಾರದ್ದು ಇದ್ರ ಕೂತು ವಿಚಾರ ಮಾಡು. ಎರಡಕ್ಕೂ ಇಷ್ಟೇ ಫಿಕರ್ ಮಾಡಿದ್ರ ಹ್ಯಾಂಗ?"

"ತಪ್ಪಾದ್ರ ಮಂದಿ ಬೈತಾರಲ್ರಿ, ಚಾಚಾ."

"ಬೈತಾರ. ತಡಾ ಮಾಡಿದ್ರೂ ಬೈತಾರ."

ಆಮ್ರಪಾಲಿ ನಕ್ಕು, ಮತ್ತೆ ಸಾಹೇಬರಿಗೆ ಫೋನ್ ಹಚ್ಚಿದರು.

ಕಳೆದ ವೈಶಾಖದ ಒಂದು ಸೋಮವಾರ, ಒಂಬತ್ತೂವರೆಯ ಹೊತ್ತು. ಭಾಲ್ಕಿಗೆ ಹೊರಡಬೇಕಿದ್ದ ಬಸ್ಸು ಔರಾದಕ್ಕೆ ಬರುವ ದಾರಿಯಲ್ಲೇ ಟೈರ್ ಒಡೆದು ನಿಂತಿದೆ ಎಂದು ಫೋನ್ ಬಂತು. ನಿಲ್ದಾಣದಲ್ಲಿ ಅದಕ್ಕಾಗಿ ಕಾಯುತ್ತಿದ್ದವರು ಮೂವತ್ತಕ್ಕೂ ಹೆಚ್ಚು ಮಂದಿ, ಎಲ್ಲರೂ ಒಂದೇ ಮದುವೆಗೆ ಹೊರಟವರು. ಗುಲಾಬಿ ರುಮಾಲು ಸುತ್ತಿದ ಪಂಢರಿ ಎಂಬವರು ಕಿಟಕಿಗೆ ಬಂದರು.

"ಮೇಡಂ, ಹನ್ನೆರಡಕ್ಕ ಅಕ್ಷತಿ ಅದ. ಹುಡುಗಿ ಸ್ವಾದರಮಾವ ನಾನೇ. ನಾ ಇಲ್ಲದ ಹ್ಯಾಂಗ ನಡೀತದ್ರಿ?"

ಎದುರಿಗೆ ಇಸ್ಮಾಯಿಲರ ಬೀದರ ಬಸ್ಸು ನಿಂತಿತ್ತು. ಒಳಗೆ ಒಂಬತ್ತೇ ಜನ. ಬೀದರಿಗೆ ಅರ್ಧ ತಾಸಿನಲ್ಲಿ ಇನ್ನೊಂದು ಬಸ್ಸಿತ್ತು. ಆಮ್ರಪಾಲಿ ಸಾಹೇಬರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು, ಮತ್ತೆ. ನಾಲ್ಕನೆಯ ಸಲ ಮಾಡಹೋದವರು ಮಾಡದೆ ಫೋನ್ ಕೆಳಗಿಟ್ಟರು. ಅಕ್ಷತೆಯ ಹೊತ್ತು ಮೀರಿದರೆ ತಿರುಗಿ ಬಾರದು. ಬೀದರಿನವರ ಅರ್ಧ ತಾಸು? ಅದನ್ನು ಅವರನ್ನೇ ಕೇಳಬೇಕು.

ಬಸ್ಸು ಹತ್ತಿ, ಇದನ್ನು ಭಾಲ್ಕಿಗೆ ಕಳಿಸಿದರೆ ನೀವು ಮುಂದಿನ ಬಸ್ಸಿಗೆ ಹೋಗುವಿರಾ ಎಂದು ಕೇಳಿದರು. ಎಂಟು ಜನ ಗೊಣಗುತ್ತಲೇ ಎದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಗುರಮ್ಮ ಎಂಬ ಮುದುಕಿ ಮಾತ್ರ ಕಂಬಿ ಹಿಡಿದು ಕೂತಳು.

"ನಾ ಇಳಿಯಂಗಿಲ್ಲ. ಪಟ್ಟಿ ಬಿಚ್ಚಲಿಕ್ಕ ಹನ್ನೊಂದಕ್ಕ ಬಾ ಅಂದಾರ ಡಾಕ್ಟರು."

ಆಮ್ರಪಾಲಿ ಅವಳ ಚೀಟಿ ಇಸಿದುಕೊಂಡು ಆಸ್ಪತ್ರೆಗೆ ಫೋನ್ ಮಾಡಿದರು.

"ಅವ್ವಾ, ಡಾಕ್ಟರು ಒಂದು ಗಂಟೆ ತನಕ ಇರ್ತಾರಂತ. ನಿಮಗ ಮುಂದಿನ ಸೀಟ ನಾನೇ ಹಿಡದು ಕೊಡ್ತೇನಿ. ಇಳೀರಿ."

ತಮ್ಮದೇ ದನಿ ಅವರಿಗೆ ಹೊಸದಾಗಿ ಕೇಳಿಸಿತು. ಗುರಮ್ಮ ಇಳಿದಳು. ಬಸ್ಸು ಮದುವೆಯವರನ್ನು ತುಂಬಿಕೊಂಡು ಭಾಲ್ಕಿಯ ದಾರಿ ಹಿಡಿಯಿತು.

ಆದರೆ ಬೀದರಿನ ಬಸ್ಸು ಅರ್ಧ ತಾಸಿಗಲ್ಲ, ಐವತ್ತು ನಿಮಿಷಕ್ಕೆ ಬಂತು. ಅಷ್ಟು ಹೊತ್ತೂ ಗುರಮ್ಮ ಬೈದಳು. ಆಮ್ರಪಾಲಿ ಕೆಲಸದ ನಡುವೆ ಎರಡು ಸಲ ಬಂದು ಅವಳ ಪಕ್ಕದಲ್ಲಿ ಕೂತರು. "ತಪ್ಪಾತ್ರಿ ಅವ್ವಾ, ಅರ್ಧ ತಾಸು ಅಂದಿದ್ದೆ," ಎಂದರು. ಬೈಸಿಕೊಂಡರೆ ಏನೂ ಮುರಿದುಬೀಳುವುದಿಲ್ಲ ಎಂಬುದು ಅಂದು ಅವರಿಗೆ ಗೊತ್ತಾಯಿತು. ಹನ್ನೆರಡೂಕಾಲಿಗೆ ಆಸ್ಪತ್ರೆಯಿಂದ ಗುರಮ್ಮನೇ ಯಾರದೋ ಫೋನಿನಿಂದ ಮಾತಾಡಿದಳು: "ಪಟ್ಟಿ ಬಿಚ್ಯಾರವ್ವಾ. ಛಂದ ಕಾಣ್ತದ."

ಆಮೇಲೆ ಸಾಹೇಬರ ಫೋನ್ ಬಂತು. ಆಮ್ರಪಾಲಿ ನಡೆದದ್ದನ್ನು ಹೇಳಿದರು. ಸಾಹೇಬರು ಕೇಳಿ, "ಸರಿ, ರಜಿಸ್ಟರದಾಗ ಬರೀರಿ. ಇದಕ್ಕ ಮೂರು ಸಲ ಫೋನ್ ಯಾಕ ಮಾಡಿದ್ರಿ?" ಎಂದರು.

ಮಧ್ಯಾಹ್ನ ಇಸ್ಮಾಯಿಲ ಮದುವೆ ಮನೆಯ ಬುಂದಿ ಲಾಡು ತಂದು ಮೇಜಿನ ಮೇಲಿಟ್ಟರು. "ಸ್ವಾದರಮಾವ ಕೊಟ್ಟಾನ. ಹೊತ್ತಿಗಿ ಮುಟ್ಟಿದ್ರು."

ಆಮ್ರಪಾಲಿಗೆ ಕಣ್ಣು ತುಂಬಿ ಬಂತು. "ನೀವು ಅವತ್ತು ಹೇಳಿದ್ದಿಲ್ಲಂದ್ರ, ಚಾಚಾ..."

"ನಾ ಬರೇ ಬಸ್ ಹೊಡ್ದೇನಿ, ಬೇಟಿ. ಹೇಳಿದಾಕಿ ನೀನು."

ಇಸ್ಮಾಯಿಲ ಈಗ ನಿವೃತ್ತರಾಗಿ ಬೀದರಿನ ಚಿದ್ರಿಯಲ್ಲಿದ್ದಾರೆ. ಆಮ್ರಪಾಲಿ ಈಗಲೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತಾರೆ. ತಪ್ಪಿದ್ದನ್ನು ಮೈಕಿನಲ್ಲೇ ಹೇಳಿ, ತಿದ್ದಿ, ಮುಂದಿನ ಬಸ್ಸಿನ ಹೆಸರು ಕೂಗುತ್ತಾರೆ. ಈ ಸಲದ ಈದಿಗೆ ಚಾಚಾನ ಮನೆಗೆ ಹೊರಟಾಗ ಏನು ಒಯ್ಯೋಣ ಎಂದು ನಾಗಸೇನರು ಕೇಳಿದರು. "ದಾಳಿಂಬ್ರಿ," ಎಂದ ಆಮ್ರಪಾಲಿ ಆಗಲೇ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದಿದ್ದರು.